ಏಂಜಲ್ ಮೀನಿನ ಮರಿಗಳು ಈಜಲು ಶುರು ಮಾಡಿದ ಕೂಡಲೇ ಸಾಯುತ್ತವೆ, ಎಂತ ಕಾರಣ?

ತೋಟದಮನೆ (ಪೆರ್ಲ)
ತಲೆ ಕೆಟ್ಟು ಹೋಗಿದೆ. ಏಂಜಲ್ ಜೋಡಿ ಹಂಚಿನ ತುಂಡಿನ ಮೇಲೆ ಚೆಂದಕ್ಕೆ ಸಾಲಾಗಿ ಮೊಟ್ಟೆ ಇಡುತ್ತದೆ. ಹಂಚನ್ನು ಸಣ್ಣ ಟ್ಯಾಂಕಿಗೆ ಹಾಕುತ್ತೇನೆ. ಮೊಟ್ಟೆ ಒಡೆಯುತ್ತದೆ, ಮರಿಗಳು ಅಂಟಿಕೊಂಡು ಬಾಲ ಅಲ್ಲಾಡಿಸುತ್ತವೆ. ಅಲ್ಲಿವರೆಗೆ ಏನೂ ತೊಂದರೆ ಇಲ್ಲ. ಈಜಲು ಶುರು ಮಾಡಿದ ಮೇಲೆ ಒಂದೆರಡು ದಿನದಲ್ಲಿ ಎಲ್ಲ ಖಾಲಿ. ಪ್ರತಿ ಸಲ ಇದೇ ಕಥೆ. ಆರ್ಟೀಮಿಯಾ (ಮೊಟ್ಟೆ ಒಡೆಸಿ ಮರಿಗಳಿಗೆ ತಿನ್ನಿಸುವ ಸಣ್ಣ ಉಪ್ಪುನೀರಿನ ಸೀಗಡಿ) ಕೊಡುತ್ತೇನೆ, ಸ್ಪಾಂಜ್ ಫಿಲ್ಟರ್ ಉಂಟು, ನೀರು ಒಳ್ಳೆಯದೇ. ದಯವಿಟ್ಟು "ಯೂಟ್ಯೂಬ್ ನೋಡಿ" ಅನ್ನಬೇಡಿ.

ಬೆಚ್ಚಗಿರಲಿ
ಹೀಟರ್ ಉಂಟಾ?

ತೋಟದಮನೆ
ಇಲ್ಲ. ನಮ್ಮ ಊರಿನ ಸೆಕೆಗೆ ಹೀಟರ್ ಯಾಕೆ?

ಬೆಚ್ಚಗಿರಲಿ
ಅಲ್ಲೇ ಉಂಟು ನೋಡಿ. ಮಳೆಗಾಲದ ರಾತ್ರಿ ನೀರು 25 ಡಿಗ್ರಿಗೆ ಇಳಿಯುತ್ತದೆ. ಏಂಜಲ್ ಮರಿಗೆ 27–28 ಬೇಕು. ಕಡಿಮೆಯಾದರೆ ತಿನ್ನುವುದಿಲ್ಲ, ತಿಂದರೂ ಅರಗುವುದಿಲ್ಲ. 50 ವಾಟಿನ ಹೀಟರ್ ಹಾಕಿ, ಕೇಸ್ ಕ್ಲೋಸ್.

ಕುಂಬಳೆ_ಕಡಲು
25ಕ್ಕೆ ಬೆಳವಣಿಗೆ ನಿಧಾನ ಆಗಬಹುದು, ಎಲ್ಲ ಒಟ್ಟಿಗೆ ಸಾಯುವುದಿಲ್ಲ. ಆರ್ಟೀಮಿಯಾ ಹೇಗೆ ಒಡೆಸುತ್ತೀರಿ? ಲೀಟರಿಗೆ 25 ಗ್ರಾಂ ಉಪ್ಪು, ಜೋರು ಗಾಳಿ, 24 ಗಂಟೆ. ಆಮೇಲೆ ಮೊಟ್ಟೆಯ ಸಿಪ್ಪೆ ಬೇರೆ ಮಾಡಿದ್ದೀರಾ? ಮರಿ ಸಿಪ್ಪೆ ನುಂಗಿದರೆ ಕಷ್ಟ. ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಬಂದಿತ್ತಾ?

ತೋಟದಮನೆ
ಬಂದಿತ್ತು. ಹೊಟ್ಟೆ ತುಂಬ ತಿಂದೇ ಸತ್ತಿವೆ. ಅದೇ ಬೇಜಾರು.

ಬೆಚ್ಚಗಿರಲಿ
ತಿಂದದ್ದು ಅರಗಲಿಲ್ಲ. ನಾನು ಹೇಳಿದೆ ಅಲ್ವಾ.

ಹೊಳೆಮೀನು
ಅಮೆಜಾನಿನ ಮೀನು ತಂದು ಅತ್ತರೆ ಎಂತ ಮಾಡುವುದು? ಚಂದ್ರಗಿರಿ ಹೊಳೆಯಲ್ಲೇ ಸಿಕ್ಲಿಡ್ (ಏಂಜಲ್‌ನ ಕುಟುಂಬದ ಮೀನು) ಉಂಟು. ಪಳ್ಳತ್ತಿ ಸಾಕಿ. ಅದರ ಮರಿಗಳು ಅಪ್ಪ ಅಮ್ಮನ ಮೈಯ ಲೋಳೆಯನ್ನೇ ಕಚ್ಚಿ ತಿನ್ನುತ್ತವೆ, ಎರಡೂ ಸೇರಿ ಕಾವಲು ಕಾಯುತ್ತವೆ. ಅದರ ಸಂಬಂಧಿ ಕರಿಮೀನಂತೂ 2010ರಿಂದ ಕೇರಳದ ರಾಜ್ಯ ಮೀನು.

ಕುಂಬಳೆ_ಕಡಲು
ಕರಿಮೀನು ಟ್ಯಾಂಕಿಗಲ್ಲ ಮಾರಾಯ್ರೇ, ಹುರಿಯುವ ಕಾವಲಿಗೆ.

ಹೊಳೆಮೀನು
ಇದಕ್ಕೇ ನಮ್ಮ ಮೀನಿಗೆ ಮರ್ಯಾದೆ ಇಲ್ಲದ್ದು. ನೇತ್ರಾವತಿ ಕಡೆಯ ಕೆನರಾ ಕರಿಮೀನು ನೋಡಿದ್ದೀರಾ? ಬೇರೆ ಕಡೆ ಸಿಗುವುದೇ ಅಪರೂಪ.

ಆರಡಿ_ಉಪ್ಪಳ
ಮೆದು (ಸುಣ್ಣದ ಅಂಶ ಕಡಿಮೆ ಇರುವ) ನೀರಿನ ರಗಳೆಯೇ ಬೇಡ ಅಂತ ನಾನು ಮಲಾವಿ ಸಿಕ್ಲಿಡ್‌ಗೆ ಹೋದೆ. ಆರಡಿ ಟ್ಯಾಂಕ್, 12 ಎಂಎಂ ಗಾಜು, ಎರಡು ಕ್ಯಾನಿಸ್ಟರ್ ಫಿಲ್ಟರ್, ಇನ್ವರ್ಟರ್ ಕನೆಕ್ಷನ್. ಫಿಲ್ಟರಿಗೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ತುಂಬಿಸಿದ್ದೇನೆ, ಪಿಎಚ್ 8 ದಾಟಿದೆ. ಹೆಣ್ಣು ಮೂರು ವಾರ ಮರಿಯನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ನನಗೆ ಕೆಲಸವೇ ಇಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಬೆಚ್ಚಗಿರಲಿ
ನಿಮ್ಮ ಟ್ಯಾಂಕಿಗೆ ಹೀಟರ್ ಉಂಟಾ?

ಆರಡಿ_ಉಪ್ಪಳ
ಎರಡು. 300 ವಾಟ್.

ಬೆಚ್ಚಗಿರಲಿ
ನೋಡಿ.

ತೋಟದಮನೆ
ಸರಿ, ಹೀಟರ್ ತಂದು ಹಾಕಿದೆ. 28ಕ್ಕೆ ನಿಂತಿದೆ. ಹೊಸ ಮರಿಗಳೂ ಸತ್ತವು. ಕಸ ತಿನ್ನಲಿ ಅಂತ ಬಿಟ್ಟ ಬಸವನಹುಳುಗಳೂ ಹೋದವು. ಹೀಟರಿನ ದುಡ್ಡು ಯಾರು ಕೊಡುತ್ತೀರಿ?

ಬೆಚ್ಚಗಿರಲಿ
ಯಾವ ಕಂಪನಿಯದ್ದು? ಲೋಕಲ್ ಹೀಟರಿನ ಥರ್ಮೋಸ್ಟಾಟ್ ನಂಬಬಾರದು.

ಜಲಜಾಕ್ಷಿ (ಬದಿಯಡ್ಕ)
ಸ್ವಲ್ಪ ನಿಲ್ಲಿ. ಬಸವನಹುಳು ಸತ್ತದ್ದಾ? ಅವು ಹಸಿವೆಗೆ, ಚಳಿಗೆ ಹಾಗೆ ಸುಲಭಕ್ಕೆ ಸಾಯುವ ಜಾತಿ ಅಲ್ಲ. ಮರಿ ಟ್ಯಾಂಕಿಗೆ ನೀರು ಎಲ್ಲಿಂದ ಹಾಕುತ್ತೀರಿ? ದೊಡ್ಡ ಟ್ಯಾಂಕಿಗೆ ಎಲ್ಲಿಂದ?

ತೋಟದಮನೆ
ಎಲ್ಲ ಒಂದೇ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ಅಕ್ಕ. ದೊಡ್ಡ ಟ್ಯಾಂಕಿಗೆ ನೇರ ಪೈಪಿನಿಂದ. ಮರಿಗಳಿಗೆ ಮಾತ್ರ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಹಾಕುತ್ತೇನೆ. ಕ್ಲೋರಿನ್ ಹೋಗಬೇಕಲ್ಲ.

ಜಲಜಾಕ್ಷಿ (ಬದಿಯಡ್ಕ)
ಸುರಂಗದ ನೀರಿಗೆ ಕ್ಲೋರಿನ್ ಯಾರು ಹಾಕಿದರು? ಅದು ಇರಲಿ. ಎಂತ ಡ್ರಮ್ ಅದು? ಮರಿ ಈಜಲು ಶುರು ಮಾಡಿದ ಮೇಲೆಯೇ ದಿನಾ ನೀರು ಬದಲಾಯಿಸುವುದಾ?

ತೋಟದಮನೆ
ಹೌದು, ತಿನ್ನಲು ಶುರು ಮಾಡಿದ ಮೇಲೆ ದಿನಾ ಅರ್ಧ ನೀರು. ಮೊಟ್ಟೆ ಇರುವಾಗ ದೊಡ್ಡ ಟ್ಯಾಂಕಿನ ನೀರೇ. ಡ್ರಮ್ ಅಂದರೆ 200 ಲೀಟರಿನ ನೀಲಿ ಡ್ರಮ್. ತೋಟದ್ದು.

ಜಲಜಾಕ್ಷಿ (ಬದಿಯಡ್ಕ)
ಅಡಿಕೆಗೆ ಮದ್ದು ಬಿಡುವಾಗ ಬೋರ್ಡೋ ಕಲಸುವುದು ಅದರಲ್ಲೇ ಅಲ್ವಾ?

ತೋಟದಮನೆ
ಅದರಲ್ಲೇ. ಆದರೆ ಕೆಲಸದವರು ಚೆನ್ನಾಗಿ ತೊಳೆದಿಡುತ್ತಾರೆ.

ಜಲಜಾಕ್ಷಿ (ಬದಿಯಡ್ಕ)
ತೊಳೆದರೆ ಕಣ್ಣಿಗೆ ಕಾಣುವುದು ಹೋಗುತ್ತದೆ, ತಾಮ್ರ ಹೋಗುವುದಿಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಡ್ರಮ್ಮಿನ ಗೋಡೆಗೆ, ತಳದ ಗೀರುಗಳಿಗೆ ಅಂಟಿದ್ದು ಅಲ್ಲೇ ಇರುತ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೀರು ಸ್ವಲ್ಪ ಹುಳಿ, ಸುಣ್ಣದ ಅಂಶವೇ ಇಲ್ಲ. ಒಂದು ದಿನ ನಿಂತರೆ ಆ ತಾಮ್ರ ನಿಧಾನಕ್ಕೆ ಬಿಡುತ್ತದೆ. ಮೆದು ನೀರಿನಲ್ಲಿ ತಾಮ್ರದ ವಿಷ ಜಾಸ್ತಿ. ಮೊದಲು ಹೋಗುವುದು ಬಸವನಹುಳು, ಸೀಗಡಿ, ಮರಿಗಳು. ಆರ್ಟೀಮಿಯಾ ನೀವು ಯಾವುದರಲ್ಲಿ ಒಡೆಸುತ್ತೀರಿ?

ತೋಟದಮನೆ
ಬಾಟ್ಲಿಯಲ್ಲಿ, ಅಡುಗೆ ಮನೆಯ ನೀರು.

ಜಲಜಾಕ್ಷಿ (ಬದಿಯಡ್ಕ)
ಹಾಗಾದರೆ ಅದು ಸರಿಯಾಗಿಯೇ ಇದ್ದದ್ದು. ಎರಡು ಬಾಟ್ಲಿ ತೆಗೆದುಕೊಳ್ಳಿ. ಒಂದಕ್ಕೆ ಡ್ರಮ್ಮಿನ ನೀರು, ಒಂದಕ್ಕೆ ಸುರಂಗದಿಂದ ನೇರ ಹಿಡಿದ ನೀರು. ಎರಡಕ್ಕೂ ಒಂದೊಂದು ಬಸವನಹುಳು ಹಾಕಿ ನಾಳೆ ನೋಡಿ. ಕಿಟ್ ಗಿಟ್ ಬೇಡ.

ಬೆಚ್ಚಗಿರಲಿ
ಎರಡೂ ಬಾಟ್ಲಿಯ ಟೆಂಪರೇಚರ್ ಒಂದೇ ಇರಬೇಕು. ಇಲ್ಲದಿದ್ದರೆ ಆ ಟೆಸ್ಟಿಗೆ ಅರ್ಥವಿಲ್ಲ.

ಆರಡಿ_ಉಪ್ಪಳ
ಅದಕ್ಕೇ ಮರುವಾಯಿ ಚಿಪ್ಪು ಹಾಕಿ ಅಂದದ್ದು. ಗಡಸು ನೀರಿನಲ್ಲಿ ತಾಮ್ರದ ಕಾಟ ಕಡಿಮೆ.

ಜಲಜಾಕ್ಷಿ (ಬದಿಯಡ್ಕ)
ಕಡಿಮೆ, ಇಲ್ಲ ಅಂತಲ್ಲ. ವಿಷದ ಪಾತ್ರೆ ಬಿಡುವುದು ಬಿಟ್ಟು ಚಿಪ್ಪು ಹುಡುಕಿಕೊಂಡು ಹೋಗುವುದಾ? ಏಂಜಲ್‌ಗೆ ಸುರಂಗದ ಮೆದು ನೀರೇ ಭಾಗ್ಯ.

ತೋಟದಮನೆ
ಡ್ರಮ್ ನೀರಿನ ಬಸವನಹುಳು ಚಿಪ್ಪಿನೊಳಗೆ ಸೇರಿ ತಳಕ್ಕೆ ಬಿದ್ದಿದೆ, ಮುಟ್ಟಿದರೂ ಮಿಸುಕುವುದಿಲ್ಲ. ಇನ್ನೊಂದು ಬಾಟ್ಲಿಯ ಹುಳು ಬಾಯಿವರೆಗೆ ಹತ್ತಿ ಹೊರಗೆ ಬಂದಿತ್ತು, ಹಿಡಿದು ಒಳಗೆ ಹಾಕಿದೆ. ಹಳೇ ಸ್ಪಾಂಜ್ ಬಳಸಬಹುದಾ ಅಕ್ಕ?

ಜಲಜಾಕ್ಷಿ (ಬದಿಯಡ್ಕ)
ಬಿಸಾಡಿ. ಹೊಸದನ್ನು ದೊಡ್ಡ ಟ್ಯಾಂಕಿನಲ್ಲಿ ಕೆಲವು ವಾರ ಓಡಿಸಿ, ಆಮೇಲೆ ಮರಿ ಟ್ಯಾಂಕಿಗೆ ಹಾಕಿ. ತಳದ ಮರಳು ಇದ್ದರೆ ಅದೂ ಬೇಡ, ಖಾಲಿ ಗಾಜೇ ಸಾಕು. ನೀರು ಸ್ಟೀಲ್ ಕೊಡಪಾನದಲ್ಲಿ ತನ್ನಿ. ತಾಮ್ರದ ಕೊಡ ತರಬೇಡಿ ಮತ್ತೆ.

ಬೆಚ್ಚಗಿರಲಿ
ಹೀಟರ್ ಮಾತ್ರ ತೆಗೆಯಬೇಡಿ.

ಹೊಳೆಮೀನು
ಅಂದ ಹಾಗೆ ಮದ್ದು ಬಿಟ್ಟ ನೀರು ತೋಡಿಗೆ ಬಂದರೆ ನಮ್ಮ ಪಳ್ಳತ್ತಿ ಗತಿ ಎಂತ? ಇದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಎಲ್ಲರೂ ಬನ್ನಿ.

ಕುಂಬಳೆ_ಕಡಲು
ಆರಡಿ ಅವರೇ, ಆ ಟ್ಯಾಂಕಿನ ಸ್ಟ್ಯಾಂಡ್ ಕಬ್ಬಿಣದ್ದಾ ಮರದ್ದಾ? ಎಷ್ಟಾಯಿತು?

ಆರಡಿ_ಉಪ್ಪಳ
ಕಬ್ಬಿಣ, ಎರಡು ಇಂಚಿನ ಚೌಕ ಪೈಪು. ರೇಟು ಮೆಸೇಜಿನಲ್ಲಿ ಹೇಳುತ್ತೇನೆ, ಮನೆಯವರು ಇದನ್ನು ಓದುತ್ತಾರೆ.