ಮಗನಿಗೆ ಫುಟ್‌ಬಾಲ್ ಹುಚ್ಚು, ಊರಿನ ತಂಡ ಎರಡನೇ ದರ್ಜೆಯದ್ದು: ವೆಸ್ಟರ್ನ್ ಕಾನ್ಫರೆನ್ಸ್ ನೋಡಿದವರು ಅನುಭವ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಸ್ಯಾಕ್ರಮೆಂಟೊ ಪಕ್ಕದ ಫೋಲ್ಸಮ್‌ಗೆ ಬಂದು ನಾಲ್ಕು ತಿಂಗಳಾಯಿತು. ಮಗನಿಗೆ 11 ವರ್ಷ. ಅಲ್ಲಿದ್ದಾಗ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಟ ಒಂದೂ ತಪ್ಪಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಮಂಕಾಗಿಬಿಟ್ಟಿದ್ದಾನೆ. ಈ ಊರಿನ ತಂಡ ಸ್ಯಾಕ್ರಮೆಂಟೊ ರಿಪಬ್ಲಿಕ್ ಇಲ್ಲಿನ ಮೊದಲ ದರ್ಜೆಯ ಲೀಗ್ ಎಂಎಲ್‌ಎಸ್‌ನಲ್ಲಿ ಇಲ್ಲ, ಅದರ ಕೆಳಗಿನ ಯುಎಸ್‌ಎಲ್ ಚಾಂಪಿಯನ್‌ಶಿಪ್‌ನಲ್ಲಿದೆ, ಅದರಲ್ಲೂ ವೆಸ್ಟರ್ನ್ ಕಾನ್ಫರೆನ್ಸ್ ಅಂತ ಆಫೀಸಿನಲ್ಲಿ ಹೇಳಿದರು. ಎರಡನೇ ದರ್ಜೆ ಅಂದ ಕೂಡಲೇ ಮಗ ಮುಖ ತಿರುಗಿಸಿದ. ಮಾರ್ಚ್‌ನಿಂದ ಹೊಸ ಸೀಸನ್ ಶುರುವಂತೆ. ಹೋಗಿ ನೋಡೋದು ಸಾರ್ಥಕವಾ? ಈ ಕಾನ್ಫರೆನ್ಸ್ ಲೆಕ್ಕ ಏನು? ಸೀಸನ್ ಟಿಕೆಟ್ ತಗೋಬೇಕಾ, ಬಿಡಿ ಟಿಕೆಟ್ ಸಾಕಾ? ಬೇರೆ ಊರಿಗೆ ಹೋಗಿ ನೋಡಿದವರೂ ದಯವಿಟ್ಟು ಹೇಳಿ.

ಸ್ಯಾಕ್ರಮೆಂಟೊದಿಂದ

ಸರ್, ಮೊದಲು ನಿಮ್ಮ ಮಗನಿಗೆ ಒಂದು ವಿಷಯ ಹೇಳಿ. 2010ರಲ್ಲಿ ಸುನಿಲ್ ಛೇಟ್ರಿ ಅಮೆರಿಕಕ್ಕೆ ಬಂದು ಕಾನ್ಸಾಸ್ ಸಿಟಿ ವಿಜರ್ಡ್ಸ್ ಸೇರಿದ್ದರಲ್ಲ, ಆ ತಂಡವೇ ಮುಂದಿನ ವರ್ಷ ಸ್ಪೋರ್ಟಿಂಗ್ ಕಾನ್ಸಾಸ್ ಸಿಟಿ ಅಂತ ಹೆಸರು ಬದಲಿಸಿಕೊಂಡಿತು. ಎಂಎಲ್‌ಎಸ್‌ನ ದೊಡ್ಡ ತಂಡ. 2022ರ ಜುಲೈನಲ್ಲಿ ಆ ತಂಡವನ್ನು ನಮ್ಮ ರಿಪಬ್ಲಿಕ್ ಸೋಲಿಸಿತು. ಬೇರೆ ಬೇರೆ ದರ್ಜೆಯ ತಂಡಗಳು ಎದುರಾಗುವ ಯುಎಸ್ ಓಪನ್ ಕಪ್‌ನ ಸೆಮಿಫೈನಲ್, ಇಲ್ಲೇ ಕ್ಯಾಲ್ ಎಕ್ಸ್‌ಪೋ ಮೈದಾನದಲ್ಲಿ. ಅದಕ್ಕೂ ಮುಂಚೆ ಸ್ಯಾನ್ ಹೋಸೆ ಅರ್ತ್‌ಕ್ವೇಕ್ಸ್ ಮತ್ತು ಎಲ್‌ಎ ಗ್ಯಾಲಕ್ಸಿಯನ್ನೂ ಮನೆಗೆ ಕಳಿಸಿತ್ತು.

ಆ ರಾತ್ರಿ ನಾನೂ ಮಗಳೂ ಅಲ್ಲಿದ್ದೆವು. ಎಕ್ಸ್‌ಟ್ರಾ ಟೈಮ್ ಮುಗಿದರೂ ಒಂದೂ ಗೋಲಿಲ್ಲ. ಪೆನಾಲ್ಟಿ ಶುರುವಾಯಿತು. ಪಕ್ಕದ ಸೀಟಿನಲ್ಲಿ ಒಬ್ಬರು ವಯಸ್ಸಾದವರು, ಬಿಳಿ ಗಡ್ಡ, ಹೆಸರು ಇವತ್ತಿಗೂ ಗೊತ್ತಿಲ್ಲ. ಅವರು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕೊನೆಯ ಒದೆತಕ್ಕೆ ಬಂದವರು ರೊಡ್ರಿಗೊ ಲೋಪೆಜ್. 2014ರಲ್ಲಿ ಕ್ಲಬ್ ಆಡಿದ ಮೊದಲ ಸೀಸನ್‌ನಲ್ಲೇ ಲೀಗ್ ಗೆದ್ದಿತಲ್ಲ, ಆ ತಂಡದಲ್ಲೂ ಇದ್ದವರು. ಚೆಂಡು ಬಲೆಗೆ ಬಿದ್ದಾಗ ಆ ಅಜ್ಜ ಅಳುತ್ತಿದ್ದರು. ಫೈನಲ್‌ನಲ್ಲಿ ಒರ್ಲ್ಯಾಂಡೊ ಎದುರು 3-0 ಸೋತೆವು, ಆದರೆ 2008ರ ನಂತರ ಎಂಎಲ್‌ಎಸ್ ಅಲ್ಲದ ತಂಡವೊಂದು ಆ ಫೈನಲ್ ತನಕ ಹೋಗಿದ್ದು ಅದೇ ಮೊದಲು. ಎರಡನೇ ದರ್ಜೆ ಅನ್ನೋದು ಕಾಗದದ ಮೇಲಿನ ಮಾತು ಅಂತ ಮಗಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಕಾನ್ಫರೆನ್ಸ್ ಲೆಕ್ಕಕ್ಕೆ ಬರೋಣ. 2025ರ ಸೀಸನ್ ಹಿಡಿದು ಹೇಳುತ್ತೇನೆ. ಒಟ್ಟು 24 ತಂಡ, ಪೂರ್ವಕ್ಕೆ 12, ಪಶ್ಚಿಮಕ್ಕೆ 12. ಪ್ರತಿ ತಂಡಕ್ಕೂ 30 ಲೀಗ್ ಪಂದ್ಯ. ತನ್ನ ಕಾನ್ಫರೆನ್ಸಿನ ಉಳಿದ 11 ತಂಡಗಳ ಜೊತೆ ಊರಲ್ಲಿ ಒಂದು, ಹೊರಗೆ ಒಂದು, ಹೀಗೆ 22. ಉಳಿದ 8 ಪಂದ್ಯ ಆ ಕಡೆಯ ತಂಡಗಳ ಜೊತೆ. ಪಾಯಿಂಟ್ ಎಲ್ಲಾ ತನ್ನ ಕಾನ್ಫರೆನ್ಸಿನ ಪಟ್ಟಿಗೇ ಬೀಳುತ್ತದೆ. ಎರಡೂ ಕಡೆ ಮೊದಲ 8 ತಂಡ ಪ್ಲೇಆಫ್‌ಗೆ. ಅಲ್ಲಿಂದ ಮುಂದೆ ಸೋತರೆ ಆಚೆ, ಎರಡನೇ ಅವಕಾಶ ಇಲ್ಲ. ಪಟ್ಟಿಯಲ್ಲಿ ಮೇಲಿದ್ದವರ ಊರಿನಲ್ಲಿ ಆಟ. ಪಶ್ಚಿಮದಲ್ಲಿ ಗೆದ್ದವರು, ಪೂರ್ವದಲ್ಲಿ ಗೆದ್ದವರು ನವೆಂಬರ್‌ನಲ್ಲಿ ಫೈನಲ್ ಆಡುತ್ತಾರೆ.

ಹೊಸಬರು ಸಾಮಾನ್ಯವಾಗಿ ಒಂದನೇ ಸ್ಥಾನ ನೋಡುತ್ತಾರೆ. ನೀವು ಎಂಟು ಮತ್ತು ಒಂಬತ್ತರ ನಡುವಿನ ಗೆರೆ ನೋಡಿ. ಆಗಸ್ಟ್ ಬಂದರೆ ನಾಲ್ಕೈದು ತಂಡ ಆ ಗೆರೆಯ ಮೇಲೆ ನೇತಾಡುತ್ತಿರುತ್ತವೆ. ಆ ತಂಡಗಳು ಒಂದಕ್ಕೊಂದು ಎದುರಾದಾಗ ನಮಗೆ ಬರುವ ಮೂರು ಪಾಯಿಂಟ್ ಪಕ್ಕದವರ ಬಾಯಿಂದ ಕಿತ್ತುಕೊಂಡ ಮೂರು ಪಾಯಿಂಟ್. ಪೂರ್ವದ ತಂಡದ ಜೊತೆ ಆಡಿದಾಗ ಆ ಬಿಸಿ ಇರುವುದಿಲ್ಲ. ಅದಕ್ಕೇ ಟಿಕೆಟ್ ಆರಿಸುವಾಗ ಪಶ್ಚಿಮದ ತಂಡ ಬರುವ ದಿನ ಆರಿಸಿ. ಅದೂ ಸೀಸನ್‌ನ ಎರಡನೇ ಅರ್ಧದ್ದು.

ಒಮ್ಮೆ ಒಳಗೆ ಬಂದರೆ ಎಂಟನೆಯವನೂ ಏನು ಬೇಕಾದರೂ ಮಾಡಬಹುದು. 2023ರಲ್ಲಿ ನಾವು ಪಶ್ಚಿಮದಲ್ಲಿ ಮೊದಲನೇ ಸ್ಥಾನ. ಫೀನಿಕ್ಸ್ ರೈಸಿಂಗ್ ಆರನೇ ಸ್ಥಾನ. ಕಾನ್ಫರೆನ್ಸ್ ಫೈನಲ್‌ಗೆ ಅವರು ನಮ್ಮೂರಿಗೆ ಬಂದು, ನಮ್ಮ ಮೈದಾನದಲ್ಲೇ ಗೆದ್ದು ಹೋದರು. ಮುಂದೆ ಚಾರ್ಲ್ಸ್‌ಟನ್ ಎದುರು ಪೆನಾಲ್ಟಿಯಲ್ಲಿ ಗೆದ್ದು ಚಾಂಪಿಯನ್ ಆದರು. ಆ ರಾತ್ರಿ ಮಗಳು ಸ್ಕಾರ್ಫ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡು ಸುಮ್ನೆ ಕೂತಳು. ಆಟಗಾರರು ಬಂದು ಚಪ್ಪಾಳೆ ತಟ್ಟಿ ಹೋಗುವ ತನಕ ಏಳಲಿಲ್ಲ. ನಾನೂ ಕರೆಯಲಿಲ್ಲ.

ಟಿಕೆಟ್ ವಿಷಯ. ಮೊದಲ ವರ್ಷ ಸೀಸನ್ ಟಿಕೆಟ್ ಬೇಡ. ಊರಲ್ಲಿ ಲೀಗ್ ಆಟವೇ 15 ಇರುತ್ತವೆ. ಶಾಲೆ, ಮಗನ ಸ್ವಂತ ಪ್ರಾಕ್ಟೀಸ್, ಬೇಸಿಗೆಯಲ್ಲಿ ಊರಿಗೆ ಹೋಗೋದು, ಇವೆಲ್ಲದರ ನಡುವೆ ಅರ್ಧವೂ ಆಗಲ್ಲ. ನಾಲ್ಕೈದು ಬಿಡಿ ಟಿಕೆಟ್ ತಗೊಳ್ಳಿ. ಒಂದು ಸಲ ಟವರ್ ಬ್ರಿಡ್ಜ್ ಬೆಟಾಲಿಯನ್ ಹತ್ತಿರ ಕೂರಿಸಿ, ಡೋಲು ಹೊಡೆಯುವ ಅಭಿಮಾನಿ ಬಳಗ ಅದು. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಅಭಿಮಾನಿಗಳನ್ನು ನೋಡಿದ ಹುಡುಗನಿಗೆ ಮನೆಗೆ ಬಂದ ಹಾಗೆ ಆಗುತ್ತದೆ. ಜೂನ್, ಜುಲೈನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಸೀಟು ಬೇಡ, ಎಂಟು ಗಂಟೆಯ ತನಕ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಜುಲೈನಲ್ಲಿ ಅದೇ ಕ್ಯಾಲ್ ಎಕ್ಸ್‌ಪೋದಲ್ಲಿ ಸ್ಟೇಟ್ ಫೇರ್ ಜಾತ್ರೆ. ಆ ದಿನಗಳಲ್ಲಿ ಆಟ ಇದ್ದರೆ ಒಂದೂವರೆ ಗಂಟೆ ಮುಂಚೆ ಹೊರಡಿ. ನಾವು ಚಿತ್ರಾನ್ನದ ಡಬ್ಬಿ ಕಾರಲ್ಲೇ ಖಾಲಿ ಮಾಡಿ ಒಳಗೆ ಹೋಗುತ್ತೇವೆ.

ಒಂದು ಕಹಿ ಮಾತೂ ಹೇಳಬೇಕು. ಈ ಮಟ್ಟದಲ್ಲಿ ತಂಡಗಳು ಮಾಯವಾಗುತ್ತವೆ. ಸ್ಯಾನ್ ಡಿಯೆಗೊ ಲಾಯಲ್ ಅಂತ ಒಂದು ಒಳ್ಳೆ ತಂಡ ಇತ್ತು. ಅದೇ ಊರಿಗೆ ಎಂಎಲ್‌ಎಸ್ ಬೇರೆ ತಂಡ ಕೊಟ್ಟಿತು, 2023ರ ಸೀಸನ್ ಮುಗಿದ ಮೇಲೆ ಲಾಯಲ್ ಮುಚ್ಚಿತು. ನಮಗೂ 2019ರಲ್ಲಿ ಎಂಎಲ್‌ಎಸ್ ಜಾಗ ಕೊಟ್ಟಿದ್ದರು. ಊರೆಲ್ಲಾ ಹಬ್ಬ ಮಾಡಿತು. 2021ರಲ್ಲಿ ಮುಖ್ಯ ಹೂಡಿಕೆದಾರರು ಹಿಂದೆ ಸರಿದರು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ಮರುವರ್ಷವೇ ಆ ಓಪನ್ ಕಪ್ ಓಟ. ಆ ಸೀಸನ್ ನನಗೆ ಅಷ್ಟು ಹತ್ತಿರವಾಗಿದ್ದು ಅದಕ್ಕೇ. 2024ರ ಕೊನೆಗೆ ವಿಲ್ಟನ್ ರಾಂಚೆರಿಯಾ ಬುಡಕಟ್ಟು ಕ್ಲಬ್‌ನ ದೊಡ್ಡ ಪಾಲು ತೆಗೆದುಕೊಂಡಿದೆ. ರೈಲ್‌ಯಾರ್ಡ್ಸ್ ಜಾಗದಲ್ಲಿ ಹೊಸ ಸ್ಟೇಡಿಯಂ ಬರಬೇಕು. ನನಗಂತೂ ಭರವಸೆ ಇದೆ.

ಆಲ್ಬುಕರ್ಕಿಯಿಂದ

ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸೋದು ಎತ್ತರದ ವಿಷಯ. ನಮ್ಮ ನ್ಯೂ ಮೆಕ್ಸಿಕೊ ಯುನೈಟೆಡ್ ಆಡುವ ಊರು 1,500 ಮೀಟರ್‌ಗೂ ಎತ್ತರದಲ್ಲಿದೆ. ಕೊಲರಾಡೊ ಸ್ಪ್ರಿಂಗ್ಸ್ ಇನ್ನೂ ಮೇಲೆ, 1,800 ಮೀಟರ್ ದಾಟಿ. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿ ತುದಿಯಲ್ಲಿ 90 ನಿಮಿಷ ಓಡಿದ ಹಾಗೆ. ಸಮುದ್ರದ ಪಕ್ಕದ ಮಾಂಟೆರೆ ಬೇ ತಂಡದವರು ಇಲ್ಲಿಗೆ ಬಂದಾಗ 70ನೇ ನಿಮಿಷದ ಮೇಲೆ ಗಮನಿಸಿ. ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾರೆ. ಚೆಂಡು ಕೂಡ ತೆಳು ಗಾಳಿಯಲ್ಲಿ ಅವರು ಅಂದುಕೊಂಡಿದ್ದಕ್ಕಿಂತ ಉದ್ದ ಹಾರುತ್ತದೆ. ಪಟ್ಟಿ ನೋಡುವಾಗ ಯಾರು ಸೋತರು ಅನ್ನೋದರ ಜೊತೆಗೆ ಎಲ್ಲಿ ಸೋತರು ಅಂತಲೂ ನೋಡಿ ಅಂತ ಮಗನಿಗೆ ಹೇಳಿಕೊಡಿ.

ಇಲ್ಲಿ ಬೇಸ್‌ಬಾಲ್ ಸ್ಟೇಡಿಯಂನಲ್ಲೇ ಆಟ. ಬೇಸ್‌ಬಾಲ್‌ನ ಮಣ್ಣಿನ ಭಾಗದ ಮೇಲೆ ಹುಲ್ಲಿನ ಹಾಸು ಹಾಕುತ್ತಾರೆ. ಎಲ್ ಪ್ಯಾಸೊದಲ್ಲೂ ಬೇಸ್‌ಬಾಲ್ ಮೈದಾನವೇ. ಒಂದು ಬದಿ ಸೀಟು ಮೈದಾನದಿಂದ ತುಂಬಾ ದೂರ ಇರುತ್ತದೆ. ಬುಕ್ ಮಾಡುವ ಮುಂಚೆ ನಕ್ಷೆ ನೋಡಿ. ನಾನು ಮೊದಲ ಸಲ ನೋಡದೆ ಬುಕ್ ಮಾಡಿದೆ, ಗೋಲ್ ಯಾರು ಹೊಡೆದರು ಅಂತಲೇ ಕಾಣಲಿಲ್ಲ.

ಚ್ಯಾಂಡ್ಲರ್, ಅರಿಜೋನಾದಿಂದ

ನಾವು ಆ 2023ರ ಫೀನಿಕ್ಸ್ ಕಡೆಯವರು! ಸ್ಯಾಕ್ರಮೆಂಟೊ ಮೇಡಂ, ನಿಮ್ಮ ಮಗಳ ಸ್ಕಾರ್ಫ್ ವಿಷಯ ಓದಿ ಹೊಟ್ಟೆ ಚುರ್ ಅಂತು.

ಇಲ್ಲಿಗೆ ಬರುವುದಾದರೆ ಮಾರ್ಚ್, ಏಪ್ರಿಲ್ ಅಥವಾ ಅಕ್ಟೋಬರ್. ಜುಲೈನಲ್ಲಿ ಸೂರ್ಯ ಮುಳುಗಿದ ಮೇಲೂ 40 ಡಿಗ್ರಿ ಇರೋದು ಮಾಮೂಲು, ಮಕ್ಕಳಿಗೆ ಕಷ್ಟ. ಟೆಂಪೆ ಕಡೆ ಕಾರು ನಿಲ್ಲಿಸಿ ಲೈಟ್ ರೈಲ್ ಹತ್ತಿ, ಸ್ಟೇಡಿಯಂ ಹತ್ತಿರವೇ ಸ್ಟೇಷನ್. ಇನ್ನೊಂದು, ಅರಿಜೋನಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ಸೀಸನ್‌ನ ಹೆಚ್ಚಿನ ದಿನ ಕ್ಯಾಲಿಫೋರ್ನಿಯಾ ಟೈಮೇ ನಮ್ಮ ಟೈಮ್. ಮನೆಯಲ್ಲೇ ಕೂತು ನೋಡುವುದಾದರೆ ಇದು ನೆನಪಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಛೇಟ್ರಿ ವಿಷಯ ಓದಿ ಹೇಳಿದೆ. ಮಗ ಎದ್ದು ಕೂತ. ಮ್ಯಾಪ್ ತೆಗೆದು 12 ತಂಡಕ್ಕೂ ಚುಕ್ಕಿ ಇಟ್ಟಿದ್ದಾನೆ. ಈಗ ಅವನದೇ ಪ್ರಶ್ನೆ: ಕೆಂಟಕಿಯ ಲೆಕ್ಸಿಂಗ್ಟನ್ ಹೇಗೆ ಪಶ್ಚಿಮ ಆಗುತ್ತದೆ? ಪಕ್ಕದ ಲೂಯಿವಿಲ್ ಪೂರ್ವದಲ್ಲಿದೆಯಲ್ಲ? ಇನ್ನೊಂದು, ಕೆಳಗೆ ಬಿದ್ದವರು ಕೆಳ ಲೀಗ್‌ಗೆ ಹೋಗಲ್ವಾ? ಹತ್ತಿರದಲ್ಲಿ ಹೊರ ಊರಿನ ಆಟ ಯಾವುದಕ್ಕೆ ಹೋಗಬಹುದು?

ಸ್ಯಾಕ್ರಮೆಂಟೊದಿಂದ

ಅವನು ಕೇಳಿದ್ದು ಸರಿಯಾಗಿಯೇ ಇದೆ. ಲೆಕ್ಸಿಂಗ್ಟನ್ ಲೂಯಿವಿಲ್‌ಗಿಂತಲೂ ಪೂರ್ವಕ್ಕಿದೆ. ಆದರೆ ದೇಶದ ಪೂರ್ವ ಭಾಗದಲ್ಲೇ ತಂಡ ಜಾಸ್ತಿ. ಎರಡೂ ಕಡೆ 12 ಆಗಬೇಕು ಅಂದರೆ ಯಾರನ್ನಾದರೂ ಈ ಕಡೆ ಎಳೆಯಲೇಬೇಕು. 2025ರಲ್ಲಿ ಮೇಲಿನ ಲೀಗ್‌ಗೆ ಬಂದ ಲೆಕ್ಸಿಂಗ್ಟನ್ ಆ ಲೆಕ್ಕಕ್ಕೆ ಸಿಕ್ಕಿತು. ಅವರು ಇಲ್ಲಿಗೆ ಬಂದು ಆಡುವಾಗ ಅವರ ಮೈಗೆ ರಾತ್ರಿ ಹನ್ನೊಂದು ಗಂಟೆ. ನಮ್ಮ ಒಂದೇ ಕಾನ್ಫರೆನ್ಸಿನಲ್ಲಿ ನಾಲ್ಕು ಟೈಮ್ ಝೋನ್ ಇವೆ. ಇದನ್ನೂ ಅವನ ಮ್ಯಾಪ್‌ನಲ್ಲಿ ಗೆರೆ ಹಾಕಿಸಿ.

ಕೆಳಗೆ ಬೀಳೋದು ಸದ್ಯಕ್ಕೆ ಇಲ್ಲ. 2025ರ ಮಾರ್ಚ್‌ನಲ್ಲಿ ಕ್ಲಬ್ ಮಾಲೀಕರು ಏರುವ, ಇಳಿಯುವ ಪದ್ಧತಿ ಬೇಕು ಅಂತ ಮತ ಹಾಕಿದ್ದಾರೆ. 2027-28ಕ್ಕೆ ತನ್ನದೇ ಮೊದಲ ದರ್ಜೆಯ ಲೀಗ್ ಶುರು ಮಾಡುವ ಯೋಜನೆಯನ್ನೂ ಯುಎಸ್‌ಎಲ್ 2025ರಲ್ಲಿ ಪ್ರಕಟಿಸಿತು. ಬಂದರೆ ಪಟ್ಟಿಯ ಕೊನೆಯ ಸಾಲಿಗೂ ಜೀವ ಬರುತ್ತದೆ. ನಾನು ಅದನ್ನೇ ಕಾಯುತ್ತಿದ್ದೇನೆ.

ಹೊರ ಊರಿಗೆ ಅಂದರೆ ಓಕ್ಲೆಂಡ್. ಅಲ್ಲಿನ ರೂಟ್ಸ್ ತಂಡ 2025ರಲ್ಲಿ ಕೊಲಿಸಿಯಂ ಸ್ಟೇಡಿಯಂಗೆ ಬಂತು, ಅಲ್ಲಿನ ಮೊದಲ ಆಟಕ್ಕೆ 26 ಸಾವಿರಕ್ಕೂ ಹೆಚ್ಚು ಜನ. ಕ್ಯಾಪಿಟಲ್ ಕಾರಿಡಾರ್ ರೈಲು ಸ್ಯಾಕ್ರಮೆಂಟೊದಿಂದ ಕೊಲಿಸಿಯಂ ಸ್ಟೇಷನ್‌ಗೇ ಹೋಗುತ್ತದೆ. ಸ್ಯಾನ್ ಹೋಸೆ ತನಕ ಹೋಗುವ ರೈಲು ಹತ್ತಬೇಕು, ಕೆಲವು ಅದಕ್ಕೂ ಮುಂಚೆಯೇ ನಿಲ್ಲುತ್ತವೆ. ವಾಪಸ್ ಕೊನೆಯ ರೈಲಿನ ಟೈಮ್ ನೋಡಿಕೊಂಡೇ ಟಿಕೆಟ್ ತಗೊಳ್ಳಿ. ರಾತ್ರಿ ಆಟ ಆದರೆ ಕಾರೇ ಸರಿ.

ಮಾರ್ಚ್‌ನ ಮೊದಲ ಆಟಕ್ಕೆ ಇಬ್ಬರಿಗೂ ಸ್ವೆಟರ್ ಇರಲಿ. ಕತ್ತಲಾದ ಮೇಲೆ ಚಳಿ ಚೆನ್ನಾಗಿಯೇ ಇರುತ್ತದೆ. ನಾವೂ ಬರುತ್ತೇವೆ. ಸ್ಕಾರ್ಫ್ ಕೊಳ್ಳಬೇಡಿ, ಮಗಳ ಹತ್ತಿರ ಎರಡಿವೆ, ಒಂದನ್ನು ನಿಮ್ಮ ಮಗನಿಗೆ ಅಂತ ಆಗಲೇ ತೆಗೆದಿಟ್ಟಿದ್ದಾಳೆ.