ರಾಡ್ ಬದಲಿಸಲೋ, ಕೈ ಬದಲಿಸಲೋ?

ತುಂಗಾತೀರದವ:
ಡೆನ್ವರಿಗೆ ಬಂದು ಆರು ವರ್ಷ. ಊರಲ್ಲಿದ್ದಾಗ ಬಿದಿರುಕೋಲು, ಗಾಳ, ಎರೆಹುಳ, ಅಷ್ಟೇ ನಮ್ಮ ವಿದ್ಯೆ. ಹೋದ ವರ್ಷದಿಂದ ಫ್ಲೈ ಫಿಶಿಂಗ್ ಹುಚ್ಚು ಹತ್ತಿದೆ, ಅಂದರೆ ಹುಳದಂತೆ ಕಟ್ಟಿದ ಹಗುರ ಗಾಳ (ಫ್ಲೈ) ಬೀಸಿ ಮೀನು ಹಿಡಿಯೋದು. ಅಂಗಡಿಯವನ ಮಾತು ಕೇಳಿ 9 ಅಡಿಯ 5-ವೇಟ್ (5ನೇ ನಂಬರಿನ ತೂಕದ ಲೈನಿಗೆ ಹೊಂದೋ) ಫಾಸ್ಟ್ ಆಕ್ಷನ್ ರಾಡ್, ಅಂದರೆ ತುದಿಯಲ್ಲಷ್ಟೇ ಬಳುಕೋ ಬಿರುಸು ಕೋಲು, ತಗೊಂಡೆ. ಕೈ ಪಳಗಿದ ಮೇಲೂ ಇದೇ ಸಾಕು ಅಂದಿದ್ದ. ಪಳಗೋದು ಹಾಗಿರಲಿ, ಡೆಕರ್ಸ್ ಹತ್ತಿರ ಸೌತ್ ಪ್ಲಾಟ್ ಹೊಳೆಯಲ್ಲಿ ಇಪ್ಪತ್ತೇ ಅಡಿ ದೂರದ ಬಂಡೆ ಪಕ್ಕ ಬ್ರೌನ್ ಟ್ರೌಟ್ ಮೇಲೆದ್ದು ಹುಳ ತಿಂತಿದ್ದರೆ, ನನ್ನ ಲೈನು ಒದ್ದೆ ಶ್ಯಾವಿಗೆ ಥರ ನನ್ನ ಮುಂದೇ ಗುಪ್ಪೆ ಬೀಳುತ್ತೆ. ಜೋರಾಗಿ ಬೀಸಿದರೆ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ಸಪೂರ ದಾರ) ತುಂಬಾ ಗಂಟು.

ಜೊತೆಗೆ ಬಂದಿದ್ದ ಆಫೀಸಿನ ಗೆಳೆಯನ ಹಳೇ ಫೈಬರ್‌ಗ್ಲಾಸ್ ರಾಡ್ ಇಸ್ಕೊಂಡೆ. ಬುಡದ ತನಕ ಬಳುಕೋ ಜಾತಿ. ಮೂರನೇ ಸಲಕ್ಕೇ ನೆಟ್ಟಗೆ ಹೋಯ್ತು! ಹಾಗಾದರೆ ನನ್ನ ರಾಡೇ ಸರಿಯಿಲ್ಲವಾ, ಇಲ್ಲಾ ಕುಣಿಯಲಾರದೆ ನೆಲ ಡೊಂಕು ಅಂತಿದೀನಾ? ಇನ್ನೊಂದು ರಾಡ್ ಕೊಂಡರೆ ಮನೆಯಲ್ಲಿ ಲೆಕ್ಕ ಒಪ್ಪಿಸಬೇಕು.

ಹಳೇ ಗಾಳ:
ರಾಡ್ ಕೆಟ್ಟದ್ದಲ್ಲ ಮಾರಾಯ್ರೆ, ಅದು ಉಪವಾಸ ಇದೆ. ಫ್ಲೈಗೆ ತೂಕ ಎಲ್ಲಿಂದ ಬರಬೇಕು? ರಾಡನ್ನ ಬಗ್ಗಿಸೋದು ಲೈನಿನ ತೂಕ. 5-ವೇಟ್ ಅಂದರೆ ಲೈನಿನ ಮೊದಲ 30 ಅಡಿ 140 ಗ್ರೇನ್, ಸುಮಾರು 9 ಗ್ರಾಂ. ನಿಮ್ಮ ಮೀನು ಇರೋದು 20 ಅಡಿಯಲ್ಲಿ, ಅದರಲ್ಲಿ ಲೀಡರೇ 9 ಅಡಿ. ರಾಡಿನ ತುದಿಯಿಂದಾಚೆ ಲೈನು ಹತ್ತು ಅಡಿ ಇದ್ದರೆ ಹೆಚ್ಚು. ಅಂದರೆ 3 ಗ್ರಾಂ, ಮುಂದಿನ ತುದಿ ಸಪೂರ ಇರೋದರಿಂದ ಅದಕ್ಕಿಂತಲೂ ಕಮ್ಮಿ. ಅಷ್ಟಕ್ಕೆ ಫಾಸ್ಟ್ ರಾಡ್ ಮಿಸುಕೋದೂ ಇಲ್ಲ, ಗ್ಲಾಸ್ ರಾಡ್ ಮೆತ್ತಗೆ ಬಾಗುತ್ತೆ.

6-ವೇಟ್ ಲೈನು ಹಾಕಿ ನೋಡಿ, 160 ಗ್ರೇನ್. ಮೊದಲು ನಿಮ್ಮ ಲೈನಿನ ಡಬ್ಬದ ಮೇಲೆ ಗ್ರೇನ್ ಎಷ್ಟಿದೆ ಓದಿ. 5 ಅಂತ ಬರೆದು 6ರ ತೂಕ ತುಂಬಿರೋದೂ ಸಿಗುತ್ತೆ. ನಿಮ್ಮದು ಅದೇ ಆಗಿದ್ದರೆ ನನ್ನ ಮಾತು ಬಿಟ್ಟುಬಿಡಿ.

ಬಾರುಕೋಲು:
ದುಡ್ಡು ಬಿಚ್ಚೋ ಮೊದಲು ಎಸೆಯುವಾಗ ಒಂದು ಸಲ ಕತ್ತು ತಿರುಗಿಸಿ ಹಿಂದೆ ನೋಡಿ. ಆ ಗಂಟಿಗೆ ಎಲ್ಲರೂ ಗಾಳಿಯನ್ನ ಬೈತಾರೆ. ನಡುವೆ ಒಮ್ಮೆಲೇ ಬಲ ಹಾಕಿದರೆ ರಾಡಿನ ತುದಿ ಕೆಳಗಿಳಿದು ಲೈನು ತನ್ನನ್ನೇ ದಾಟುತ್ತೆ, ಗಂಟಾಗುತ್ತೆ. ನಮ್ಮಪ್ಪ ಗದ್ದೆಯಲ್ಲಿ ಬಾರುಕೋಲು ಬೀಸುವಾಗ ಹಿಂದೆ ಬಾರು ಪೂರ್ತಿ ಬಿಚ್ಚಿಕೊಳ್ಳೋ ತನಕ ಕೈ ಕಾಯ್ತಿತ್ತು. ನಿಮ್ಮ ಬೆನ್ನ ಹಿಂದೆ ಚಟ್ ಅಂತ ಸದ್ದಾದರೆ ಅವಸರ ಮಾಡಿದಿರಿ ಅಂತಲೇ ಲೆಕ್ಕ. ಫ್ಲೈ ಬದಲು ಉಲ್ಲನ್ ಚೂರು ಕಟ್ಟಿ ಹುಲ್ಲಿನ ಮೇಲೆ ಅಭ್ಯಾಸ ಮಾಡಿ.

ನಾನು ಇವತ್ತಿಗೂ ಹಿಡಿಯೋದು ಮೀಡಿಯಂ ಆಕ್ಷನ್ನೇ, ನನ್ನ ಕೈಯೇ ನಿಧಾನ. ಗಾಳಿ ಎದ್ದ ದಿನ ಅದು ಕೈ ಕೊಡುತ್ತೆ. ಮನೆಗೆ ಬಂದು ಕಾಫಿ ಕುಡೀತೀನಿ.

ತುಂಗಾತೀರದವ:
ಅಕ್ಕ, ಹಳೇ ಗಾಳ ಸಾರ್, ಇಬ್ಬರದ್ದೂ ನಿಜ. ಶನಿವಾರ ಪಾರ್ಕಿನಲ್ಲಿ ಹೆಂಡತಿ ಕೈಲಿ ವಿಡಿಯೋ ಮಾಡಿಸಿದೆ. ಹಿಂದೆ ಲೈನು ಅರ್ಧ ಬಿಚ್ಚೋದರೊಳಗೆ ನಾನು ಮುಂದಕ್ಕೆ ಬೀಸಿಯಾಗಿದೆ! ಆಮೇಲೆ ಅವಳೇ ನಿಂತು "ತಡಿ... ಈಗ" ಅಂತ ಹೇಳಿಕೊಟ್ಟಳು. 35 ಅಡಿ ಲೈನು ಬಿಟ್ಟರೆ ಅದೇ ರಾಡ್ ಬೆಣ್ಣೆ. ಇಪ್ಪತ್ತು ಅಡಿಗೆ ಮಾತ್ರ ಇನ್ನೂ ಮೊಂಡು. ಡಬ್ಬ ನೋಡಿದೆ, ನನ್ನದು ಸರಿಯಾಗಿ 140. 6ರ ಲೈನು ಆರ್ಡರ್ ಮಾಡಿದೀನಿ. ಅದು ಹೊಂದಿಕೊಂಡರೆ ಹಳೇ 5ರದ್ದು ಡೆನ್ವರ್ ಸುತ್ತಲಿನವರಿಗೆ ಪುಕ್ಕಟೆ. ಲೀಡರ್ ಮಾತ್ರ ಕೇಳಬೇಡಿ.