ಹಳೇ ಝೆನ್‌ಗೆ ಗೇರ್ ಬೀಳುತ್ತಿಲ್ಲ: ಕ್ಲಚ್ಚಾ, ಗೇರ್ ಬಾಕ್ಸಾ? ನಿಮ್ಮ ಅನುಭವ ಹೇಳಿ

ಕೇಳಿದವರು: ವಿದ್ಯಾನಗರ, ದಾವಣಗೆರೆ
ನನ್ನದು 2003ರ ಮಾರುತಿ ಝೆನ್ ಕಾರು. ಓಡಿರೋದು 1,12,000 ಕಿ.ಮೀ. ಹದಿನೈದು ದಿನದಿಂದ ಫಸ್ಟ್ ಗೇರ್ ಒತ್ತಿ ಒತ್ತಿ ಹಾಕಬೇಕಾಗಿದೆ. ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತೆ. ಹದಡಿ ರಸ್ತೆ ಟ್ರಾಫಿಕ್‌ನಲ್ಲಿ ಇನ್ನೂ ಜಾಸ್ತಿ. ಒಬ್ಬ ಮೆಕ್ಯಾನಿಕ್ ಗೇರ್ ಬಾಕ್ಸ್ ಇಳಿಸಬೇಕು, 14,000 ಆಗುತ್ತೆ ಅಂದರು. ಇನ್ನೊಬ್ಬರು ಬಾನೆಟ್ ಕೂಡ ಎತ್ತದೆ ಕ್ಲಚ್ ಸೆಟ್ ಹೋಗಿದೆ ಅಂದರು. ಯಾರಿಗಾದರೂ ಹೀಗೆ ಆಗಿತ್ತಾ?

ಚಿತ್ರದುರ್ಗ, 1999ರ ಮಾರುತಿ 800
ಆಗಿತ್ತು ಸರ್. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ನನಗೂ ಬಾನೆಟ್ ಎತ್ತದೆ ಕ್ಲಚ್ ಸೆಟ್ ಅಂತಲೇ ಹೇಳಿದ್ದರು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಸೇರಿ 2,850. ಕೂಲಿ 1,800. ಗೇರ್ ಆಯಿಲ್ 600. ಹುಡುಗನ ಕೈಗೆ 50. ಒಟ್ಟು 5,300 ಎಣಿಸಿ ಕೊಟ್ಟೆ. ಗಾಡಿ ಮೂರು ದಿನ ಅಲ್ಲೇ ನಿಂತಿತ್ತು.

ಹನ್ನೊಂದನೇ ದಿನ ಮತ್ತೆ ಅದೇ ಕರ್ರ್. ದಾವಣಗೆರೆಗೆ ಹೊರಟಿದ್ದೆ, ಭರಮಸಾಗರ ದಾಟುತ್ತಿದ್ದಂತೆ ಟಕ್ ಅಂತ ಪೆಡಲ್ ನೆಲಕ್ಕೆ ಬಿತ್ತು. ಕ್ಲಚ್ ಕೇಬಲ್ ಕಿತ್ತುಹೋಗಿತ್ತು. ಇಂಜಿನ್ ಆಫ್ ಮಾಡಿ ಫಸ್ಟ್ ಗೇರ್ ಹಾಕಿ, ಗೇರ್‌ನಲ್ಲೇ ಕೀ ತಿರುಗಿಸಿದೆ. ಗಾಡಿ ಎಗರಿ ಎಗರಿ ಹೊರಟಿತು. ಸರ್ವೀಸ್ ರಸ್ತೆಯಲ್ಲೇ ನಿಧಾನಕ್ಕೆ ದುರ್ಗಕ್ಕೆ ವಾಪಸ್ ತಂದೆ. ಕೇಬಲ್ ಬಿಚ್ಚಿದರೆ ಪೆಡಲ್ ಕಡೆ ತುದಿಯಲ್ಲಿ ಎಳೆಗಳೆಲ್ಲ ಪೊರಕೆ ಕಡ್ಡಿ ಹಾಗೆ ಬಿಚ್ಚಿಕೊಂಡಿದ್ದವು. ಅರ್ಧಕ್ಕಿಂತ ಜಾಸ್ತಿ ಎಳೆ ಹಳೇ ತುಕ್ಕು ಹಿಡಿದು ತುಂಡಾಗಿದ್ದವು. ಅಂದರೆ ಮೊದಲಿಂದಲೂ ತೊಂದರೆ ಅದೇ. ಹೊಸ ಕೇಬಲ್ 240 ರೂಪಾಯಿ, ಅರ್ಧ ಗಂಟೆ ಕೆಲಸ. ತೆಗೆದ ಹಳೇ ಕ್ಲಚ್ ಪ್ಲೇಟ್ ಇನ್ನೂ ಮನೆಯಲ್ಲಿದೆ. ಅದರಲ್ಲಿ ಇನ್ನೂ 20,000 ಕಿ.ಮೀ. ಇತ್ತು.

ನಿಟ್ಟುವಳ್ಳಿ, 2004ರ ಕ್ವಾಲಿಸ್
ಕೇಬಲ್ ಕಥೆ ಬಿಡಿ. ನನ್ನ ಗಾಡಿಯ ಕ್ಲಚ್‌ಗೆ ಕೇಬಲ್ ಇಲ್ಲ, ಬ್ರೇಕ್ ಆಯಿಲ್ ಒತ್ತಡದಲ್ಲೇ ಕೆಲಸ ಮಾಡುತ್ತೆ. ನಾನು ಬಾಡಿಗೆ ಓಡಿಸೋನು, ಗಾಡಿ ನಿಂತರೆ ನನ್ನ ಊಟ ನಿಲ್ಲುತ್ತೆ. ನನ್ನ ಗಾಡಿಯಲ್ಲಿ ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದರೆ ಮಾತ್ರ ಗೇರ್ ಬೀಳುತ್ತಿತ್ತು. ಕಾಲ ಹತ್ತಿರ ಮ್ಯಾಟ್ ಒದ್ದೆ. ನಾನು ಮಳೆ ನೀರು ಅಂದುಕೊಂಡಿದ್ದೆ. ಮೂಸಿ ನೋಡಿದರೆ ಬ್ರೇಕ್ ಆಯಿಲ್. ಪೆಡಲ್ ಹತ್ತಿರ ಆ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿತ್ತು. ಮೊದಲು 450ರ ಕಿಟ್ ಹಾಕಿಸಿದೆ, ನಲವತ್ತು ದಿನ ಬಂತು. ಆಮೇಲೆ ಪೂರ್ತಿ ಸಿಲಿಂಡರ್, 2,300. ಮಾರನೇ ವಾರವೇ ಕೆಳಗಿನ ಸ್ಲೇವ್ ಸಿಲಿಂಡರ್ ಸೋರಿತು, 1,100. ಆಯಿಲ್ ಪೈಪಿನಲ್ಲಿ ಸೇರಿದ ಏರ್ ತೆಗೆಸೋಕೆ ಮೂರು ಸಲ ಹೋಗಿದ್ದೀನಿ. ಒಂದು ತಿರುಪತಿ ಬಾಡಿಗೆ ಕೈ ತಪ್ಪಿತು. ಆ ಲೆಕ್ಕ ಇದರಲ್ಲಿ ಸೇರಿಸಿಲ್ಲ.

ಚಿತ್ರದುರ್ಗ, ಮಾರುತಿ 800
ಅಣ್ಣ, ಅವರು ಕೇಳಿರೋದು ಝೆನ್ ಬಗ್ಗೆ. ಝೆನ್‌ಗೆ ಇರೋದು ಕೇಬಲ್. ಅದರಲ್ಲಿ ಯಾವ ಸಿಲಿಂಡರ್ ಹುಡುಕಬೇಕು ಅವರು?

ನಿಟ್ಟುವಳ್ಳಿ, ಕ್ವಾಲಿಸ್
ಹಳೇ ಗಾಡಿ ಅಂತ ಕೇಳಿದ್ದಾರೆ, ನನ್ನ ಅನುಭವ ಹೇಳಿದೆ. ನಿಮಗೆ ಬೇಡ ಅಂದರೆ ಓದಬೇಡಿ.

ಹರಿಹರ, 2005ರ ಸ್ಯಾಂಟ್ರೊ
ನಾನು ಒಟ್ಟು 19,400 ಖರ್ಚು ಮಾಡಿದ್ದೀನಿ, ಒಂದು ರೂಪಾಯಿಗೂ ಬೇಜಾರಿಲ್ಲ. ಬೇಜಾರಿರೋದು ಅದಕ್ಕೂ ಮೊದಲು ಮಾಡಿದ ತಪ್ಪಿಗೆ. ಮೊದಲ ಸಲ ಬರೀ ಪ್ಲೇಟ್ ಬದಲಾಯಿಸಿದೆ. ಇಂಜಿನ್ ಆಯಿಲ್ ಕ್ಲಚ್ ಕಡೆ ಸೋರದಂತೆ ತಡೆಯೋ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ 180 ರೂಪಾಯಿ. ಆಮೇಲೆ ನೋಡೋಣ ಅಂದೆ. ನಾಲ್ಕೇ ತಿಂಗಳಿಗೆ ಜೋಗಿಮಟ್ಟಿ ಏರಿನಲ್ಲಿ ಇಂಜಿನ್ ಮಾತ್ರ ಕೂಗುತ್ತಿತ್ತು, ಗಾಡಿ ಹತ್ತಲಿಲ್ಲ. ಸುಟ್ಟ ವಾಸನೆಗೆ ಮಕ್ಕಳು ಕೆಮ್ಮೋಕೆ ಶುರು ಮಾಡಿದರು. ಬಿಚ್ಚಿದರೆ ಹೊಸ ಪ್ಲೇಟ್ ಪೂರ್ತಿ ಆಯಿಲ್‌ನಲ್ಲಿ ನೆಂದು ಕರ್ರಗಾಗಿತ್ತು.

ಅದಕ್ಕೇ ಎರಡನೇ ಸಲ ಎಲ್ಲಾ ಮಾಡಿಸಿದೆ. ಕ್ಲಚ್ ಫುಲ್ ಸೆಟ್, ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳೋ ಇಂಜಿನ್ ಚಕ್ರ) ಲೇತ್‌ಗೆ ಹಾಕಿಸಿ ಮಟ್ಟ ಮಾಡಿಸೋದು, ಆಯಿಲ್ ಸೀಲ್, ಇಂಜಿನ್ ಮೌಂಟಿಂಗ್, ಸೆಕೆಂಡ್ ಗೇರಿನ ಸಿಂಕ್ರೊ ರಿಂಗ್ (ಗೇರ್ ತುರಿಯದೆ ಬೀಳೋ ಹಾಗೆ ಮಾಡೋ ರಿಂಗ್). ಬಾಕ್ಸ್ ಇಳಿಸೋ ಕೂಲಿ ಒಂದೇ ಸಲ ಅಲ್ವಾ? 240ರ ಕೇಬಲ್ ಹಾಕಿ ಕಾರು ರಿಪೇರಿ ಆಯ್ತು ಅನ್ನೋರ ಮಾತು ಕೇಳಬೇಡಿ.

ಚಿತ್ರದುರ್ಗ, ಮಾರುತಿ 800
ನನ್ನ ಗಾಡಿ ಆ ಕೇಬಲ್ ಮೇಲೆ ಎರಡು ವರ್ಷದಿಂದ ಓಡುತ್ತಿದೆ ಸರ್. ಚಳ್ಳಕೆರೆ, ಹಿರಿಯೂರು, ಮಾರಿಕಣಿವೆ, ಎಲ್ಲಾ ಕಡೆ ಹೋಗಿ ಬಂದಿದ್ದೀನಿ. ನಿಮ್ಮ ಹತ್ತಿರ ದುಡ್ಡಿದೆ, ಮಾಡಿಸಿದ್ದೀರಿ. ಅಷ್ಟು ದುಡ್ಡಿಗೆ ನನ್ನ ಅರ್ಧ ಗಾಡಿಯೇ ಬರುತ್ತೆ.

ಹೊಳಲ್ಕೆರೆ, 2007ರ ವ್ಯಾಗನ್ ಆರ್
ನಾನು ಶಾಲಾ ಶಿಕ್ಷಕಿ. ದಿನಾ 38 ಕಿ.ಮೀ. ನಾನೇ ಓಡಿಸುತ್ತೀನಿ. ಸೆಕೆಂಡ್ ಗೇರ್ ಕರ್ರ್ ಅಂತ ತುರಿಯೋಕೆ ಶುರುವಾದಾಗ ಮೂರು ಗ್ಯಾರೇಜಿನಲ್ಲೂ ಒಂದೇ ಮಾತು: ಮೇಡಂ, ನೀವು ಕ್ಲಚ್ ಮೇಲೆ ಕಾಲಿಟ್ಟು ಓಡಿಸ್ತೀರಿ. ಕ್ಲಚ್ ಸೆಟ್ ಹಾಕಿಸಿದೆ, ಕೂಲಿ ಸೇರಿ 6,700. ತುರಿಯೋದು ಒಂದಿಷ್ಟೂ ಕಡಿಮೆ ಆಗಲಿಲ್ಲ.

ಕೊನೆಗೆ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕೂತೆ. ಎಂಟು ತಿಂಗಳ ಹಿಂದೆ ಗೇರ್ ಬಾಕ್ಸ್‌ಗೆ ಜಿಎಲ್-5 ದರ್ಜೆಯ ಆಯಿಲ್ ಹಾಕಿದ್ದರು. ಗಾಡಿಯ ಪುಸ್ತಕದಲ್ಲಿ ಜಿಎಲ್-4 ಅಂತಿದೆ. ಜಿಎಲ್-5 ಇರೋದು ಮುಖ್ಯವಾಗಿ ಜೀಪು, ಲಾರಿಗಳ ಡಿಫರೆನ್ಷಿಯಲ್‌ಗೆ, ಅಂದರೆ ಚಕ್ರಗಳ ನಡುವಿನ ಗೇರ್ ಗುಂಡಿಗೆ. ಅದರಲ್ಲಿರೋ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ. ಜಾರೋದೂ ಜಾಸ್ತಿ, ರಿಂಗ್ ಗೇರನ್ನು ಹಿಡಿಯೋದಿಲ್ಲ. ಬಾಕ್ಸ್ ಬಿಚ್ಚಿದ ದಿನ ಆ ರಿಂಗನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳಗಿನ ಸಣ್ಣ ಗೆರೆಗಳು ಉಗುರಿಗೆ ಸಿಗದಷ್ಟು ನುಣ್ಣಗಾಗಿದ್ದವು. ಅದಕ್ಕೆ ಮತ್ತೆ 8,200.

ನಿಟ್ಟುವಳ್ಳಿ, ಕ್ವಾಲಿಸ್
ಮೇಡಂ, ಇಪ್ಪತ್ತು ವರ್ಷದಿಂದ ಸಿಕ್ಕಿದ ಆಯಿಲ್ ಹಾಕಿದ್ದೀನಿ, ಏನೂ ಆಗಿಲ್ಲ. ಹಾಫ್ ಕ್ಲಚ್ ಅಭ್ಯಾಸ ಇದ್ದರೆ ಯಾವ ಆಯಿಲ್ ಹಾಕಿದರೂ ಅಷ್ಟೇ.

ಹೊಳಲ್ಕೆರೆ, ವ್ಯಾಗನ್ ಆರ್
ನೀವು ನನ್ನ ಪಕ್ಕ ಕೂತು ನೋಡಿದ್ದೀರಾ? ಹಾಫ್ ಕ್ಲಚ್ ಹಾಳು ಮಾಡೋದು ಕ್ಲಚ್ ಪ್ಲೇಟನ್ನು. ತೆಗೆದ ಪ್ಲೇಟಿನಲ್ಲಿ ರಿವೆಟ್ ಇನ್ನೂ ಆಳದಲ್ಲೇ ಇತ್ತು, ಅಂದರೆ ಪ್ಲೇಟ್ ಸವೆದಿರಲಿಲ್ಲ, ಮೆಕ್ಯಾನಿಕ್ಕೇ ತೋರಿಸಿದರು. ಸೆಕೆಂಡ್ ಗೇರಿನ ರಿಂಗ್ ಒಂದನ್ನೇ ನನ್ನ ಕಾಲು ಹೇಗೆ ಸವೆಸುತ್ತೆ? ಈ ಮಾತು ಕೇಳಿ ಕೇಳಿಯೇ ನನಗೆ 6,700 ದಂಡ ಆಗಿದ್ದು.

ವಿದ್ಯಾನಗರದವರೇ, ಯಾರಿಗೂ ದುಡ್ಡು ಕೊಡೋ ಮೊದಲು ಒಂದು ಕೆಲಸ ಮಾಡಿ. ಇಂಜಿನ್ ಆಫ್ ಮಾಡಿ ಎಲ್ಲಾ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದಾಗ ಬೀಳದಿದ್ದರೆ ಕ್ಲಚ್ ಇಂಜಿನನ್ನು ಗೇರ್ ಬಾಕ್ಸಿನಿಂದ ಪೂರ್ತಿ ಬಿಡಿಸುತ್ತಿಲ್ಲ. ಆಫ್ ಇದ್ದಾಗಲೂ ಬಿಗಿ ಇದ್ದರೆ ಗೇರ್ ಲಿವರಿನಿಂದ ಬಾಕ್ಸಿಗೆ ಹೋಗೋ ಲಿಂಕೇಜು, ಅದರ ಬುಷ್ ನೋಡಿಸಿ. ನನ್ನ ಹಾಗೆ ಓಡುವಾಗ ಒಂದೇ ಗೇರ್ ತುರಿದರೆ ಆಗ ಬಾಕ್ಸಿನ ಮಾತು.

ವಿದ್ಯಾನಗರ, ಝೆನ್
ಈಗ ತಾನೇ ನೋಡಿದೆ ಮೇಡಂ. ಆಫ್ ಮಾಡಿದರೆ ಐದೂ ಗೇರ್, ರಿವರ್ಸ್ ಸಮೇತ, ಒಂದೇ ಬೆರಳಲ್ಲಿ ಬೀಳುತ್ತವೆ. ಸ್ಟಾರ್ಟ್ ಮಾಡಿದರೆ ಇಲ್ಲ. ಕೇಬಲ್ ಬಿಗಿ ಮಾಡೋ ನಟ್ ಆಗಲೇ ಕೊನೆಯವರೆಗೂ ಬಂದುಬಿಟ್ಟಿದೆ, ಇನ್ನು ಬಿಗಿ ಮಾಡೋಕಾಗಲ್ಲ.

ಹರಿಹರ, ಸ್ಯಾಂಟ್ರೊ
ಪ್ರೆಶರ್ ಪ್ಲೇಟಿನ ಬೆರಳು (ಬೇರಿಂಗ್ ಒತ್ತೋ ಸ್ಪ್ರಿಂಗ್ ಪಟ್ಟಿ) ಸವೆದರೂ ಹೀಗೇ ಆಗುತ್ತೆ. ಬಾಕ್ಸ್ ಇಳಿಸಲೇಬೇಕು. ಬರೆದಿಟ್ಟುಕೊಳ್ಳಿ.

ಚಿತ್ರದುರ್ಗ, ಮಾರುತಿ 800
ಇಳಿಸೋದು ಆಮೇಲೆ. ಮೊದಲು ಕೇಬಲ್ ಹೊರಗೆ ತೆಗೆದು ಪೆಡಲ್ ಕಡೆ ತುದಿ ನೋಡಿ ಸರ್. ಎಳೆ ಬಿಟ್ಟಿದ್ದರೆ ಫೋಟೋ ಹಾಕಿ, ಹರಿಹರದವರೂ ನೋಡಲಿ.